ನನ್ನ ಬಕೆಟ್ ಮಹಡಿ ಹತ್ತಿದ ಮಳೆಗಾಲ

ಹೋದ ವಾರ ಮೂಡಿಗೆರೆಯ ನಮ್ಮ ಬ್ಯಾಂಕಿಗೆ ಒಬ್ಬಳು ಹುಡುಗಿ ಬಂದಳು. ಕಾಲೇಜಿಗೆ ಸೇರಿದ್ದಾಳೆ, ಖಾತೆ ತೆರೆಯಬೇಕು. ಹೊರಗೆ ಆಷಾಢದ ಮಳೆ ಹಿಡಿದು ಕೂತಿತ್ತು. ಸಹಿ ಹಾಕಲು ಅವಳು ಬಗ್ಗಿದಾಗ ಕೌಂಟರಿನ ಗಾಜಿನ ಕೆಳಗಿನ ಕಿಂಡಿಯಿಂದ ಅವಳ ಸ್ವೆಟರಿನ ವಾಸನೆ ನನ್ನ ಮೂಗಿಗೆ ಬಡಿಯಿತು. ಹೊಗೆ. ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಒಣಗಿಸಿದ ಬಟ್ಟೆಯ ಹೊಗೆ. ನಮ್ಮ ಕಡೆ ಮಳೆಗಾಲದಲ್ಲಿ ಬಿಸಿಲನ್ನು ನಂಬಿದವರು ಒದ್ದೆ ಬಟ್ಟೆಯನ್ನೇ ಉಡಬೇಕು. ಹಾಗಾಗಿ ಎಲ್ಲರ ಬಟ್ಟೆಯೂ ಒಲೆಯ ಮೇಲೆಯೇ ಒಣಗುತ್ತದೆ, ಎಲ್ಲರ ಮೈಯೂ ಹೊಗೆಯಾಡುತ್ತದೆ. ಈ ವಾಸನೆಗೆ ಉಳಿದವರಿಗೆಲ್ಲ ಅಜ್ಜಿ ನೆನಪಾಗುತ್ತಾಳಂತೆ. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

"ಯಾವ ಕಾಲೇಜಮ್ಮಾ?" ಅಂದೆ.

"ಚಿಕ್ಕಮಗಳೂರು ಮೇಡಂ."

"ಹಾಸ್ಟೆಲ್ಲಾ?"

"ಹೂಂ ಮೇಡಂ. ಇನ್ನೂ ರೂಮ್ ಆಗಿಲ್ಲ."

ಅವಳು ನಗುತ್ತಲೇ ಹೇಳಿದಳು. ಈಗಿನ ಹಾಸ್ಟೆಲುಗಳಲ್ಲಿ ಏನು ಪದ್ಧತಿಯೋ, ನನಗೆ ಗೊತ್ತಿಲ್ಲ. ಆದರೆ "ಇನ್ನೂ ರೂಮ್ ಆಗಿಲ್ಲ" ಅನ್ನುವ ಮಾತನ್ನು ಒಂದು ಮಳೆಗಾಲವಿಡೀ ಹೇಳಿದವಳು ನಾನು. ಅವಳ ಕೆಲಸ ಮುಗಿಸಿ ಕಳಿಸಿ, ಒಳಗೆ ಹೋಗಿ ನೀರು ಕುಡಿದು ಬಂದೆ.

ನಮ್ಮದು ಸಂಸೆಯಲ್ಲಿ ಅಂಗಡಿ. ಅಕ್ಕಿ, ಬೆಲ್ಲ, ಹಗ್ಗ, ಗಂಬೂಟು, ಮಳೆಗಾಲಕ್ಕೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಪ್ಲಾಸ್ಟಿಕ್, ಎಲ್ಲ ಸಿಗುತ್ತದೆ. ತೋಟ ಇಲ್ಲ. ಕಾಫಿ ಸೀಮೆಯಲ್ಲಿ ತೋಟ ಇಲ್ಲದೆ ಇರುವುದೆಂದರೆ ಮದುವೆ ಮನೆಯಲ್ಲಿ ಬಡಿಸುವವರ ಹಾಗೆ: ಯಾವ ಪಂಕ್ತಿಗೆ ಏನು ಬಂತು ಎಲ್ಲ ಗೊತ್ತಿರುತ್ತದೆ, ತಮ್ಮದೊಂದು ಎಲೆ ಮಾತ್ರ ಇರುವುದಿಲ್ಲ. ಪಿಯುಸಿಯಲ್ಲಿ ನನಗೆ ಒಳ್ಳೆಯ ಅಂಕ ಬಂದವು. ಬಿ.ಎಸ್ಸಿ. ಓದುತ್ತೇನೆ, ಚಿಕ್ಕಮಗಳೂರಿಗೇ ಹೋಗುತ್ತೇನೆ ಎಂದು ಹಟ ಹಿಡಿದೆ. ಅಪ್ಪ ಹೂಂ ಅಂದರು. ಅಮ್ಮ ಮಾತ್ರ ಒಂದು ಗೆರೆ ಎಳೆದಳು.

"ಹಾಸ್ಟೆಲ್ ಆದ್ರೆ ಓದು. ಪಿ.ಜಿ. ಗೀಜಿ ಅಂದ್ರೆ ಬೇಡವೇ ಬೇಡ. ಅಲ್ಲಿ ಯಾರು ಬಂದ್ರು, ಯಾರು ಹೋದ್ರು, ಎಂತ ಕಥೆ, ಕೇಳೋರಿಲ್ಲ. ಹಾಸ್ಟೆಲ್ ಸಿಗದಿದ್ರೆ ವಾಪಸ್ ಬಾ. ಅತ್ತೆ ಹೇಳಿದ ಸಂಬಂಧ ಉಂಟಲ್ಲ, ಅವರಿಗೂ ಅವಸರ ಇಲ್ಲ."

ಅವರಿಗೆ ಅವಸರ ಇಲ್ಲದಿದ್ದದ್ದೇ ನನ್ನ ಹೆದರಿಕೆ. ಕಾಯುವವರ ಕೈಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಅಪ್ಪ ನನ್ನ ಜೊತೆ ಬಸ್ಸಿನಲ್ಲಿ ಬಂದರು. ಟಾಪಿನ ಮೇಲೆ ಹಾಸಿಗೆಯ ಸುರುಳಿ. ಕಾಲ ಹತ್ತಿರ ಬಕೆಟ್. ಅಂಗಡಿಯಲ್ಲಿದ್ದುದರಲ್ಲಿ ಅತಿ ದೊಡ್ಡದನ್ನು, ತೋಟದವರು ಔಷಧಿ ಕಲಸಲು ಕೊಂಡುಹೋಗುವಂಥ ದಪ್ಪ ಕಪ್ಪು ಬಕೆಟನ್ನು ಆರಿಸಿ, ಮೈಮೇಲೆ ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆದುಕೊಟ್ಟಿದ್ದರು. "ಮೂರು ವರ್ಷ ಬಾಳಿಕೆ ಬರ್ಬೇಕು" ಅಂದಿದ್ದರು. ಹಾಸ್ಟೆಲಿನ ಬಾಗಿಲಲ್ಲಿ ಉಳಿದ ಹುಡುಗಿಯರ ಗುಲಾಬಿ, ತಿಳಿ ಹಸಿರು ಬಕೆಟುಗಳ ಸಾಲಿನಲ್ಲಿ ನನ್ನದನ್ನು ಇಟ್ಟಾಗ ಎಮ್ಮೆ ಬಂದು ನಿಂತ ಹಾಗಿತ್ತು.

ಅದು ಒಂದು ಟ್ರಸ್ಟಿನ ಹಾಸ್ಟೆಲ್. ಕೆಳಗೆ ದೊಡ್ಡ ಹಾಲ್, ಊಟದ ಮನೆ. ಮಹಡಿಯಲ್ಲಿ ಸೀನಿಯರ್‌ಗಳ ರೂಮುಗಳು. ಹಿಂದೆ ವಾರ್ಡನ್ ಮೇಡಂ ತಾವೇ ರೂಮು ಹಂಚುತ್ತಿದ್ದರಂತೆ. ಜಗಳ, ಅಳು, ಅಪ್ಪ ಅಮ್ಮ ಬಂದು ಗಲಾಟೆ. ಬೇಸತ್ತು, "ನಿಮ್ಮ ಜೊತೆ ಇರೋರನ್ನ ನೀವೇ ಆರಿಸ್ಕೊಳ್ಳಿ, ನನ್ನ ತಲೆ ತಿನ್ಬೇಡಿ" ಎಂದು ಕೈತೊಳೆದುಕೊಂಡಿದ್ದರು. ಅಲ್ಲಿಂದ ಒಂದು ಪದ್ಧತಿಯೇ ಬೆಳೆದಿತ್ತು. ಹೊಸಬರು ಕೆಳಗಿನ ಹಾಲಿನಲ್ಲಿ ಇರಬೇಕು. ಒಂದೊಂದು ಸಂಜೆ ಒಂದೊಂದು ರೂಮಿನವರು ಕೆಲವರನ್ನು ಕಾಫಿಗೆ ಕರೆಯುತ್ತಾರೆ. ಮಾತಾಡಿಸುತ್ತಾರೆ, ನೋಡುತ್ತಾರೆ. ಇಷ್ಟವಾದರೆ ಬಾಯಲ್ಲಿ ಹೇಳುವುದಿಲ್ಲ. ಯಾವಾಗಲೋ ಕೆಳಗೆ ಬಂದು ಆ ಹುಡುಗಿಯ ಬಕೆಟ್ ಎತ್ತಿಕೊಂಡು ಮೇಲೆ ಹೋಗುತ್ತಾರೆ. ಅವಳು ಕಾಲೇಜಿನಿಂದ ಬಂದು ಮಂಚದ ಕೆಳಗೆ ನೋಡಿ, ಬಕೆಟ್ ಇಲ್ಲದ್ದು ಕಂಡು ಕಿರುಚುತ್ತಾಳೆ. ಹಾಸಿಗೆ ಸುತ್ತಿಕೊಂಡು ಮೆಟ್ಟಿಲು ಹತ್ತುತ್ತಾಳೆ. ಅಷ್ಟೆ.

ತೊಂದರೆಯೇನೆಂದರೆ, ಮೇಲೆ ಖಾಲಿ ಇದ್ದ ಮಂಚಗಳಿಗಿಂತ ಕೆಳಗೆ ಇದ್ದ ಹುಡುಗಿಯರು ಹೆಚ್ಚು. ಗೌರಿ ಹಬ್ಬದ ರಜೆಯವರೆಗೆ ಮಾತ್ರ ಹಾಲ್ ನಮ್ಮದು. ಆಮೇಲೆ ಟ್ರಸ್ಟಿನವರು ಅದನ್ನು ಮದುವೆಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಅಷ್ಟರೊಳಗೆ ಬಕೆಟ್ ಹೋಗದವರು ಪಿ.ಜಿ. ನೋಡಿಕೊಳ್ಳಬೇಕು. ನನಗೆ ಪಿ.ಜಿ. ಇಲ್ಲ. ಅಂದರೆ ಕಾಲೇಜೂ ಇಲ್ಲ.

ನನ್ನ ಪಕ್ಕದ ಮಂಚ ಜಾವಳಿಯ ನಿಶಾಳದು. ಅವಳ ಅಪ್ಪ ಮೇಷ್ಟ್ರು, ಸ್ವಲ್ಪ ಅಡಿಕೆ ತೋಟವೂ ಇತ್ತು. ಬಾಯಿ ತೆರೆದರೆ ಮುಚ್ಚದ ಹುಡುಗಿ, ಎರಡೇ ದಿನಕ್ಕೆ ನನ್ನ ಜೀವದ ಗೆಳತಿಯಾದಳು. ಮೊದಲ ಕಾಫಿಗೆ ಇಬ್ಬರನ್ನೂ ಎರಡನೇ ರೂಮಿನವರು ಕರೆದರು. ಅವರು ಮಡಿವಂತರು, ಗೋಡೆ ತುಂಬ ದೇವರು.

"ಮೊಟ್ಟೆ ತಿಂತೀಯಾ?" ಎಂದು ಕೇಳಿದರು.

"ಇಲ್ಲ ಅಕ್ಕ," ಅಂದೆ. ನಿಜವೇ, ನಮ್ಮ ಮನೆಯಲ್ಲಿ ತಿನ್ನುವುದಿಲ್ಲ. ಅಲ್ಲಿಗೇ ನಿಲ್ಲಿಸಬೇಕಿತ್ತು. "ಕೇಕು ಮಾತ್ರ," ಎಂದು ಸೇರಿಸಿದೆ.

ಆ ರೂಮಿನ ಕಥೆ ಅಲ್ಲಿಗೆ ಮುಗಿಯಿತು. ಕೆಳಗೆ ಬರುವಾಗ ನಿಶಾ ಮೆಟ್ಟಿಲ ಮೇಲೆ ಕೂತು ನಕ್ಕಳು. "ಕೇಕು ಅಂತೆ, ಕೇಕು! ನಿನ್ನನ್ನ ಹರಿಶ್ಚಂದ್ರನ ಮೊಮ್ಮಗಳು ಅಂತ ಮ್ಯೂಸಿಯಮ್ಮಲ್ಲಿ ಇಡ್ಬೇಕು ಮಾರಾಯ್ತಿ." ನಾನೂ ನಕ್ಕೆ. ಆಗ ಇನ್ನೂ ನಗುವುದಕ್ಕೆ ಆಗುತ್ತಿತ್ತು.

ಎಲ್ಲರಿಗೂ ಬೇಕಾಗಿದ್ದದ್ದು ಆರನೇ ರೂಮು. ಅದರಲ್ಲಿ ಮೂಡಿಗೆರೆ ಕಡೆಯ ಎಸ್ಟೇಟಿನ ಪ್ರಣೀತಾ ಅಕ್ಕ, ಅವಳ ಜೊತೆಗೆ ದೀಕ್ಷಾ ಅಕ್ಕ. ಇಬ್ಬರೂ ಕಡೆಯ ವರ್ಷದವರು. ಮೂಲೆಯ ರೂಮು, ಎರಡು ಕಿಟಕಿ, ಮೋಡ ಸರಿದರೆ ಗಿರಿ ಕಾಣುತ್ತಿತ್ತು. ಅವರು ಜೋರಾಗಿ ನಗುತ್ತಿದ್ದರು, ವಾರ್ಡನ್ ಮೇಡಂ ಎದುರಿಗೂ ಹಾಗೆಯೇ ನಗುತ್ತಿದ್ದರು. ಯಾರಾದರೂ ಬೈದಾರು ಎಂಬ ಹೆದರಿಕೆಯೇ ಇಲ್ಲದೆ ಕಾಲು ಮೇಲೆ ಕಾಲು ಹಾಕಿ ಕೂರುವ ಹುಡುಗಿಯರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವರ ಹಾಗೆ ಆಗಬೇಕೆಂದು ನನಗೆ ಆಸೆಯಾಯಿತು. ಆಸೆ ಅಂದರೆ ಸಣ್ಣ ಮಾತು, ಹಸಿವು.

ಅವರು ನನ್ನನ್ನು ಕಾಫಿಗೆ ಕರೆದ ಸಂಜೆ, ಇದ್ದುದರಲ್ಲಿ ಒಳ್ಳೆಯ ಚೂಡಿದಾರ್ ಹಾಕಿಕೊಂಡು ಹೋದೆ. ಪ್ರಣೀತಾ ಅಕ್ಕ ತನ್ನ ಮನೆಯ ಪುಡಿಯಿಂದಲೇ ಕಾಫಿ ಮಾಡಿ ಕೊಟ್ಟಳು.

"ಊರು?"

"ಸಂಸೆ ಅಕ್ಕ."

"ಹೌದಾ! ಎಷ್ಟು ಇಂಚು ಆಯ್ತು ನಿಮ್ಮಲ್ಲಿ?"

ತೋಟದವರ ಮನೆಯಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇರುತ್ತದೆ. ಬೆಳಿಗ್ಗೆ ಎದ್ದು ಮೊದಲು ಅದನ್ನು ನೋಡುತ್ತಾರೆ. ಅವರವರು ಸಿಕ್ಕಿದರೆ "ಚೆನ್ನಾಗಿದೀರಾ" ಅನ್ನುವ ಮೊದಲು "ಎಷ್ಟು ಇಂಚು" ಅನ್ನುತ್ತಾರೆ. ಅಂಗಡಿಯಲ್ಲಿ ಕೂತು ಸಾವಿರ ಸಲ ಆ ಮಾತು ಕೇಳಿಸಿಕೊಂಡಿದ್ದೆ. ನನ್ನನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

"ನಮ್ಮನೇಲಿ ಅಳೆಯಲ್ಲ ಅಕ್ಕ," ಅಂದೆ. "ಸುಮ್ನೆ ಹೊಯ್ತದೆ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ದೀಕ್ಷಾ ಅಕ್ಕನ ಕಣ್ಣಲ್ಲಿ ನೀರು ಬಂತು. ಅದು ಮೆಚ್ಚಿ ನಕ್ಕದ್ದೋ, ಅಳೆದು ನಕ್ಕದ್ದೋ ತಿಳಿಯದೆ ನಾನೂ ಹಲ್ಲು ಕಿರಿದೆ. ನಗು ನಿಂತ ಮೇಲೆ ದೀಕ್ಷಾ ಅಕ್ಕ ಮೂಗೇರಿಸಿ, "ಎಂತದೋ ಹೊಗೆ ವಾಸನೆ ಬರ್ತಾ ಉಂಟಲ್ಲ," ಎಂದು ಎದ್ದು ಕಿಟಕಿ ತೆರೆದಳು. ಕೆಳಗೆ ಯಾರೋ ಕಸ ಸುಡುತ್ತಿದ್ದಾರೆ ಎಂದುಕೊಂಡಳೋ ಏನೋ. ಆ ಮಳೆಯಲ್ಲಿ ಯಾರು ಕಸ ಸುಡುತ್ತಾರೆ? ವಾಸನೆ ನನ್ನದೇ ಎಂದು ನನಗೆ ಗೊತ್ತಾಯಿತು. ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ನುಂಗಿ ಎದ್ದೆ.

ಮರುದಿನ ನನ್ನ ಬಟ್ಟೆಗಳನ್ನೆಲ್ಲ ಒಟ್ಟಿಗೆ ನೆನೆಹಾಕಿದೆ. ಸೋಪಿನ ಪುಡಿ, ಪರಿಮಳದ ನೀರು, ನಿಶಾಳ ಶಾಂಪೂ, ಎಲ್ಲ ಸುರಿದೆ. ಹೊಗೆ ಹೋಯಿತು, ಬಟ್ಟೆ ಒಣಗಲಿಲ್ಲ. ಹಾಲಿನ ಹಗ್ಗದ ಮೇಲೆ ದಿನಗಟ್ಟಲೆ ತಣ್ಣಗೆ ನೇತಾಡಿದವು. ಹಾಗೇ ಹಾಕಿಕೊಂಡು ಕಾಲೇಜಿಗೆ ಹೋದೆ. ಕ್ಲಾಸಿನಲ್ಲಿ ಮೈ ನಡುಗುತ್ತಿತ್ತು, ನೆಗಡಿ ಎದೆಗೆ ಇಳಿಯಿತು. ಆದರೂ ಆರನೇ ರೂಮಿನ ಬಾಗಿಲ ಮುಂದೆ ಬೇಕೆಂದೇ ಎರಡೆರಡು ಸಲ ಓಡಾಡುತ್ತಿದ್ದೆ, ನನ್ನಿಂದ ಈಗ ಪರಿಮಳ ಬರುತ್ತದೆಂದು ಅವರಿಗೆ ತಿಳಿಯಲಿ ಎಂದು.

ಒಬ್ಬೊಬ್ಬರದೇ ಬಕೆಟ್ ಹೋಗತೊಡಗಿತು. ಸಂಜೆ ಕಾಲೇಜಿನಿಂದ ಬರುವಾಗ ಗೇಟಿನಿಂದಲೇ ಓಡುತ್ತಿದ್ದೆವು. ಮಂಚದ ಕೆಳಗೆ ಬಗ್ಗಿ ನೋಡುವುದು, ಅಲ್ಲೇ ಕೂತಿರುವ ನನ್ನ ಎಮ್ಮೆಯನ್ನು ಕಾಣುವುದು, ಏನೂ ಆಗದವಳಂತೆ ಚಪ್ಪಲಿ ಬಿಡುವುದು. ಅದರ ಮೇಲಿನ ಅಪ್ಪನ ಅಕ್ಷರ ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಪಾಪ, ಆ ಬಕೆಟ್ ಏನು ಮಾಡೀತು.

ನಾನು ಸೇವೆಗೆ ಇಳಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಾಯ್ಲರಿನ ಬಿಸಿನೀರು ಹಿಡಿದು ಆರನೇ ರೂಮಿನ ಬಾಗಿಲಿಗೆ ಇಡುತ್ತಿದ್ದೆ. ಊಟದ ಸಾಲಿನಲ್ಲಿ ನಿಂತು ಅವರಿಗೆ ಜಾಗ ಹಿಡಿಯುತ್ತಿದ್ದೆ. ಪ್ರಣೀತಾ ಅಕ್ಕನಿಗೆ ಚಿತ್ರಾನ್ನದಲ್ಲಿ ಕಡಲೆಬೀಜ ಆಗದು ಎಂದು ಆರಿಸಿ ತೆಗೆದಿಟ್ಟದ್ದೂ ಉಂಟು. ಅವರು "ಥ್ಯಾಂಕ್ಸ್ ಕಣೇ" ಅನ್ನುತ್ತಿದ್ದರು. ಕೆಟ್ಟವರಾಗಿದ್ದರೆ ಚೆನ್ನಾಗಿತ್ತು, ದ್ವೇಷಿಸಬಹುದಿತ್ತು. ಕೆಟ್ಟವರಲ್ಲ. ನನ್ನನ್ನು ನೋಡುತ್ತಿರಲಿಲ್ಲ, ಅಷ್ಟೆ.

"ಅಷ್ಟೊಂದು ಬಗ್ಗಬೇಡ ಕಣೇ," ಎಂದಳು ನಿಶಾ. "ಬಗ್ಗಿದವರಿಗೆ ಒಂದು ಗುದ್ದು ಜಾಸ್ತಿ."

"ನಿಂಗೇನು, ನಿಂಗೆ ಪಿ.ಜಿ. ಆದ್ರೂ ಆಗ್ತದೆ."

ಅವಳು ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ಭಾನುವಾರ ಸೀನಿಯರ್‌ಗಳು ಒಂದು ವ್ಯಾನ್ ಮಾಡಿ ದೇವರಮನೆ ಗುಡ್ಡಕ್ಕೆ ಹೊರಟರು. ಹಾಲಿನಲ್ಲಿ ಉಳಿದವರಲ್ಲಿ ಕೆಲವರನ್ನೂ ಕರೆದರು. ಪ್ರಣೀತಾ ಅಕ್ಕನೇ ನನ್ನ ಕಡೆ ಬೆರಳು ತೋರಿಸಿ, "ನೀನೂ ಬಾರೇ ಸಂಸೆ," ಅಂದಳು. ಹೆಸರಲ್ಲದಿದ್ದರೇನು, ಊರಾದರೂ ನೆನಪಿದೆಯಲ್ಲ! ಅಲ್ಲಿ ದೇವಸ್ಥಾನಕ್ಕೆ ಕೈಮುಗಿದು, ಹುಲ್ಲಿನ ಗುಡ್ಡ ಹತ್ತಿದೆವು. ಮಂಜು ಎಷ್ಟಿತ್ತೆಂದರೆ ಎದುರಿಗಿದ್ದವರ ಮುಖವೇ ಬಂದು ಬಂದು ಮಾಯವಾಗುತ್ತಿತ್ತು. ಗಾಳಿಗೆ ಕೊಡೆಗಳೆಲ್ಲ ತಿರುಗಿ ನಿಂತವು. ಅದೇ ಖುಷಿ ಎಲ್ಲರಿಗೂ. ಕಿರುಚುವುದು, ಒಬ್ಬರ ಕೈ ಒಬ್ಬರು ಹಿಡಿದು ಓಡುವುದು. "ಫೋಟೋ, ಫೋಟೋ," ಎಂದರು. ಮೊಬೈಲು ನನ್ನ ಕೈಗೆ ಬಂತು. ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಮೊಬೈಲು ಕೊಟ್ಟರು. ಗಾಳಿಗೆ ಬೆನ್ನು ಕೊಟ್ಟು, ದುಪಟ್ಟಾದಿಂದ ಪರದೆ ಒರೆಸಿ ಒರೆಸಿ ತೆಗೆದೆ. ಚೆನ್ನಾಗಿ ಬಂದಿವೆ ಎಂದು ಎಲ್ಲರೂ ಹೊಗಳಿದರು. ಸಂಜೆ ಗ್ರೂಪಿನಲ್ಲಿ ಫೋಟೋಗಳು ಬಂದಾಗ ಹಾಲಿನಲ್ಲಿ ಮಂಚದ ಮೇಲೆ ಕೂತು ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆ. ಯಾವುದರಲ್ಲೂ ನಾನಿರಲಿಲ್ಲ. ಇರುವುದಾದರೂ ಹೇಗೆ, ತೆಗೆದವಳೇ ನಾನು. ಗೊತ್ತಿದ್ದೂ ಹುಡುಕಿದೆ.

ಅದೇ ವಾರ ನಿಶಾಳ ಬಕೆಟ್ ಹೋಯಿತು. ಮೂರನೇ ರೂಮಿನವರು. ನಾವಿಬ್ಬರೂ ಒಟ್ಟಿಗೇ ಗೇಟಿನಿಂದ ಓಡಿ ಬಂದಿದ್ದೆವು. ಅವಳು ಬಗ್ಗಿ ನೋಡಿ, ಕಿರುಚಲು ಬಾಯಿ ತೆರೆದು, ನನ್ನ ಮುಖ ನೋಡಿ ಬಾಯಿ ಮುಚ್ಚಿದಳು. "ನಾನು ನಿನ್ನ ಬಗ್ಗೆ ಅವ್ರತ್ರ ಹೇಳ್ತೀನಿ ಕಣೇ," ಅಂದಳು. "ಇನ್ನೊಂದು ಮಂಚ ಉಂಟಾ ಅಲ್ಲಿ?" ಎಂದು ಕೇಳಿದೆ. ಇರಲಿಲ್ಲ. ಅವಳ ಹಾಸಿಗೆಯ ಒಂದು ತುದಿಯನ್ನು ನಾನೇ ಹಿಡಿದು ಮೆಟ್ಟಿಲು ಹತ್ತಿಸಿ ಬಂದೆ. ಇಳಿದು ಬಂದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ. ಗೆಳತಿಗೆ ಒಳ್ಳೆಯದಾಯಿತಲ್ಲ ಎಂಬ ಸಂತೋಷ ನನಗೆ ಒಂದು ಚೂರೂ ಆಗಲಿಲ್ಲ.

ಅಮ್ಮ ದಿನಾ ಫೋನ್ ಮಾಡುತ್ತಿದ್ದಳು. "ರೂಮ್ ಆಯ್ತನೇ?"

"ಇನ್ನೂ ಇಲ್ಲಮ್ಮ. ಆಗ್ತದೆ."

"ಆಗದಿದ್ರೆ ಬಾ ಮಗಾ. ಯಾಕೆ ಅಷ್ಟು ಕಷ್ಟ ಪಡ್ತಿ? ಅಪ್ಪ ಜೀಪ್ ಮಾಡ್ಕೊಂಡು ಬರ್ತಾರೆ, ಸಾಮಾನು ತಂದ್ರಾಯ್ತು."

ಎಷ್ಟು ಪ್ರೀತಿಯಿಂದ ಹೇಳುತ್ತಿದ್ದಳು! ಬೈದಿದ್ದರೆ ಎದುರು ಮಾತಾಡಬಹುದಿತ್ತು. ಆ ಮೆತ್ತಗಿನ ದನಿ ಕೇಳುತ್ತ ಕೇಳುತ್ತ, ಮನೆಗೆ ಹೋಗಿ ಒಲೆಯ ಮುಂದೆ ಕೂತುಬಿಡಬೇಕೆಂದು ನನಗೂ ಅನಿಸುತ್ತಿತ್ತು. ಕೂತರೆ ಮತ್ತೆ ಏಳಲಿಕ್ಕಿಲ್ಲ ಎಂದೂ ಗೊತ್ತಿತ್ತು.

ರಜೆಗೆ ಮುಂಚಿನ ಕಡೆಯ ದಿನ ಬಂತು. ಹಿಂದಿನ ಸಂಜೆಯಿಂದ ಮಳೆ ಬಿಟ್ಟಿರಲಿಲ್ಲ. ಹಾಲಿನಲ್ಲಿ ನಾನು, ಕೊಪ್ಪದ ಒಬ್ಬಳು, ಇನ್ನೊಬ್ಬಿಬ್ಬರು ಉಳಿದಿದ್ದೆವು. ಉಳಿದ ಮಂಚಗಳನ್ನು ಆಗಲೇ ಮಡಿಸಿ ಗೋಡೆಗೆ ಒರಗಿಸಿದ್ದರು. ಮಧ್ಯಾಹ್ನ ಕ್ಲಾಸು ಮುಗಿಸಿ ಬಂದೆ. ಗೇಟಿನಿಂದ ಓಡಲಿಲ್ಲ, ಓಡುವುದನ್ನು ಬಿಟ್ಟು ಆಗಲೇ ದಿನಗಳಾಗಿದ್ದವು. ಒಳಗೆ ಕಾಲಿಟ್ಟೊಡನೆ ಕೊಪ್ಪದವಳು ಎದ್ದು ನಿಂತಳು. ಅವಳ ಮುಖ ಬಿಳುಚಿತ್ತು.

"ನಿಂದು ಹೋಯ್ತು ಕಣೇ."

"ಎಂತದ್ದು?"

"ಬಕೆಟ್. ಆರನೇ ರೂಮು. ಪ್ರಣೀತಾ ಅಕ್ಕನೇ ಬಂದಿದ್ರು. ನಮ್ಮೆಲ್ಲರ ಬಕೆಟ್ ನೋಡಿದ್ರು. ನಿಂದನ್ನೇ ಎತ್ಕೊಂಡು ಹೋದ್ರು."

ಮಂಚದ ಕೆಳಗೆ ಬಗ್ಗಿ ನೋಡಿದೆ. ನೆಲದ ಮೇಲೆ ದುಂಡನೆಯ ಒದ್ದೆ ಗುರುತು ಮಾತ್ರ ಇತ್ತು.

ನಾನು ಕಿರುಚಲಿಲ್ಲ. ಅಲ್ಲೇ ಕೂತೆ. ಆಮೇಲೆ ಮಾಡಿದ ಮೊದಲ ಕೆಲಸ ಅಮ್ಮನಿಗೆ ಫೋನ್. "ಆಯ್ತಮ್ಮ! ಕರೆದ್ರು! ಆರನೇ ರೂಮು!" ಅಮ್ಮ, "ಒಳ್ಳೇದಾಯ್ತು ಮಗಾ, ಓದು," ಅಂದಳು. ಹಿಂದಿನಿಂದ ಅಪ್ಪ ಯಾವುದೋ ಗಿರಾಕಿಗೆ, "ನಮ್ಮ ಚೈತ್ರಂಗೆ ಹಾಸ್ಟೆಲ್ ಆಯ್ತು ಮಾರಾಯ್ರೇ," ಎಂದು ಕೂಗಿ ಹೇಳುವುದು ಕೇಳಿಸಿತು. ಹಾಸಿಗೆ ಸುತ್ತಿ ಹಗ್ಗ ಬಿಗಿದು ತಲೆಯ ಮೇಲೆ ಇಟ್ಟುಕೊಂಡು ಮೆಟ್ಟಿಲು ಹತ್ತಿದೆ.

ಆರನೇ ರೂಮಿನ ಬಾಗಿಲು ತೆರೆದಿತ್ತು. ದೀಕ್ಷಾ ಅಕ್ಕ ಹಬ್ಬಕ್ಕೆ ಬ್ಯಾಗು ತುಂಬುತ್ತಿದ್ದಳು. ಪ್ರಣೀತಾ ಅಕ್ಕ ಮಲಗಿ ಮೊಬೈಲು ನೋಡುತ್ತಿದ್ದಳು. ಗೋಡೆ ಬದಿಯ ಮೂರನೇ ಮಂಚದ ಮೇಲೆ ಹಾಸಿಗೆ ಇರಲಿಲ್ಲ. ಬರಿಯ ಹಲಗೆಯ ನಡುವೆ ನನ್ನ ಕಪ್ಪು ಬಕೆಟ್ ಕೂತಿತ್ತು. ಮಾಡಿನಿಂದ ಅದರೊಳಕ್ಕೆ ನೀರು ಸುರಿಯುತ್ತಿತ್ತು.

"ಎಂತ ಬೇಕಿತ್ತೇ?" ಎಂದಳು ಪ್ರಣೀತಾ ಅಕ್ಕ, ಮೊಬೈಲಿನಿಂದ ಕಣ್ಣು ತೆಗೆಯದೆ.

"ಬಕೆಟ್..."

"ಓ, ನಿಂದಾ ಇದು? ಸಾರಿ ಮಾರಾಯ್ತಿ, ಹೇಳ್ದೆ ತಂದೆ. ಸೋರ್ತಾ ಉಂಟು ನೋಡು. ನಮ್ಮ ಬಕೆಟೆಲ್ಲ ಒಂದು ಗಳಿಗೇಲಿ ತುಂಬ್ತದೆ. ಕೆಳಗೆ ಇದೇ ದೊಡ್ಡದು ಕಂಡ್ತು. ಮಳೆ ನಿಂತ ಮೇಲೆ ತಂದು..." ಅಷ್ಟರಲ್ಲಿ ಅವಳು ತಲೆಯೆತ್ತಿದಳು. "ಹಾಸಿಗೆ ಎಂತಕ್ಕೆ?"

ದೀಕ್ಷಾ ಅಕ್ಕನಿಗೆ ಮೊದಲು ತಿಳಿಯಿತು. ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದುಕೊಂಡು, "ಅಯ್ಯೋ," ಅಂದಳು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಆ "ಅಯ್ಯೋ" ತಡೆಯಲಾಗಲಿಲ್ಲ.

ಪ್ರಣೀತಾ ಅಕ್ಕ ಎದ್ದು ಕೂತಳು. "ನಾವು ಈ ವರ್ಷ ಯಾರನ್ನೂ ತಗೊಳ್ತಾ ಇಲ್ಲ. ಈ ಮಂಚದಲ್ಲಿ ಮನುಷ್ಯರು ಮಲಗೋಕಾಗಲ್ಲ. ಮೇಡಂಗೂ ಹೇಳಿ ಆಗಿದೆ. ಕಾಫಿಗೆ ಸುಮ್ನೆ ಕರೆದಿದ್ದು, ಎಲ್ಲ ರೂಮಿನವರೂ ಕರೀತಾರಲ್ಲ ಅಂತ."

ಅಂದರೆ ಬಿಸಿನೀರು, ಕಡಲೆಬೀಜ, ಒದ್ದೆ ಬಟ್ಟೆ, ಎದೆಗಿಳಿದ ನೆಗಡಿ, ಎಲ್ಲವನ್ನೂ ಇಲ್ಲದೇ ಇದ್ದ ಒಂದು ಜಾಗಕ್ಕಾಗಿ ಸುರಿದಿದ್ದೆ. ಈಗ ಕೆಳಗೆ ಹೋಗಬೇಕು. ಹೋಗಿ ಅಮ್ಮನಿಗೆ ಮತ್ತೆ ಫೋನ್ ಮಾಡಬೇಕು. ಅಪ್ಪ ಜೀಪು ಮಾಡಿಕೊಂಡು ಬರಬೇಕು.

ಕೆಳಗೆ ಹೋಗಲು ನಾನು ತಿರುಗಲೇ ಇಲ್ಲ. ಒಳಗೆ ಬಂದೆ. ಬಕೆಟನ್ನು ಗೋಡೆಯ ಕಡೆಗೆ ಒಂದಿಷ್ಟು ಸರಿಸಿದೆ; ನೀರು ಆಗಲೂ ಅದರಲ್ಲೇ ಬೀಳುತ್ತಿತ್ತು. ಹಾಸಿಗೆಯ ಹಗ್ಗ ಬಿಚ್ಚಿ, ಉಳಿದ ಜಾಗದಲ್ಲಿ ಅರ್ಧ ಮಡಿಸಿ ಹಾಸಿ, ಅದರ ಮೇಲೆ ಕೂತೆ.

"ಎಂತ ಮಾಡ್ತಿದೀ?"

"ಇಲ್ಲೇ ಇರ್ತೀನಿ ಅಕ್ಕ. ಬಕೆಟ್ ತುಂಬಿದಾಗೆಲ್ಲ ನಾನೇ ಚೆಲ್ತೀನಿ. ನಿಮ್ಗೆ ನಿದ್ದೆ ಕೆಡಲ್ಲ. ಬಿಸಿನೀರು ತರ್ತೀನಿ. ಹೊಗೆ ವಾಸನೆ ಬಟ್ಟೆ ಒಂದೂ ತರಲ್ಲ. ಬೇಕಾದ್ರೆ ಮಾತೇ ಆಡಲ್ಲ."

"ಹುಚ್ಚಾ ನಿಂಗೆ? ಏಳು."

"ಏಳಲ್ಲ."

"ಏಳು ಅಂದೆ!"

"ಅಮ್ಮಂಗೆ ಹೇಳ್ಬಿಟ್ಟಿದೀನಿ ಅಕ್ಕ. ಅಪ್ಪ ಅಂಗಡೀಲಿ ಎಲ್ಲರಿಗೂ ಹೇಳ್ತಿದಾರೆ."

ಆಮೇಲೆ ಮೂಗು, ಕಣ್ಣು, ಬಾಯಿ ಎಲ್ಲ ಒಂದಾಗಿ ಅತ್ತೆ. ಮಾನ ಅನ್ನುವುದು ಆ ಹೊತ್ತಿನಲ್ಲಿ ನನ್ನ ಹತ್ತಿರ ಉಳಿದಿರಲಿಲ್ಲ, ಹುಡುಕಲೂ ಇಲ್ಲ. ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದುಕೊಂಡಿದ್ದೆ, ಎಳೆದರೂ ಬಿಡಬಾರದೆಂದು. ಅವರು ಎಳೆಯಲಿಲ್ಲ. ಏನು ಮಾಡಬೇಕೆಂದು ತೋಚದೆ ಒಬ್ಬರ ಮುಖ ಒಬ್ಬರು ನೋಡಿದರು.

ಅಷ್ಟರಲ್ಲಿ ವಾರ್ಡನ್ ಮೇಡಂ ಬಂದರು. ರಜೆಗೆ ಮುಂಚೆ ಪ್ರತಿ ರೂಮನ್ನೂ ನೋಡಿ ಹೋಗುವುದು ಅವರ ರೂಢಿ. ಬಾಗಿಲಲ್ಲಿ ನಿಂತು ನನ್ನನ್ನೂ ಹಾಸಿಗೆಯನ್ನೂ ನೋಡಿದರು.

"ಏನಿದು? ಈ ರೂಮಿಗೆ ಯಾರೂ ಬೇಡ ಅಂದಿದ್ರಿ. ಇವಳನ್ನ ಯಾರು ಕರೆದಿದ್ದು?"

ದೀಕ್ಷಾ ಅಕ್ಕ ಬ್ಯಾಗಿನ ಜಿಪ್ಪು ಎಳೆದಳು, ಮತ್ತೆ ತೆರೆದಳು.

"ಚೈತ್ರಾ, ನೀನಾಗೇ ಬಂದ್ಯಾ?"

ಮಂಚದ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಮೇಡಂ ನಿಟ್ಟುಸಿರುಬಿಟ್ಟು, "ಎತ್ಕೋ ಹಾಸಿಗೆ. ಕೆಳಗೆ ಬಾ, ಮಾತಾಡಣ," ಅಂದರು. ಅವರ ದನಿಯೂ ಅಮ್ಮನ ದನಿಯ ಹಾಗೆ ಮೆತ್ತಗಾಗಿತ್ತು. ಮುಗಿಯಿತು ಎಂದುಕೊಂಡೆ. ಮಂಚದ ಅಂಚಿನಿಂದ ನನ್ನ ಕೈ ತಾನೇ ಸಡಿಲವಾಯಿತು.

"ಬಕೆಟ್ ನಾನೇ ತಂದಿದ್ದು ಮೇಡಂ," ಎಂದಳು ಪ್ರಣೀತಾ ಅಕ್ಕ.

ಮೇಡಂ ಅವಳ ಕಡೆ ತಿರುಗಿದರು. "ಯಾವಾಗ?"

"ಮಧ್ಯಾಹ್ನ. ನಾನೇ ಹೋಗಿ, ನಾನೇ ಎತ್ಕೊಂಡು ಬಂದೆ. ಹಾಲಲ್ಲಿ ಎಲ್ಲರೂ ನೋಡಿದಾರೆ. ಬೇಕಾದ್ರೆ ಕೇಳಿ."

ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಎಷ್ಟು ಇಂಚು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಮೇಡಂ ಮಾಡು ನೋಡಿದರು, ಬಕೆಟ್ ನೋಡಿದರು, ನನ್ನನ್ನು ನೋಡಿದರು. ಅವರೇನು ದಡ್ಡರಲ್ಲ. "ಹಬ್ಬ ಕಳೀಲಿ, ಹೆಂಚಿಗೆ ಜನ ಕಳಿಸ್ತೀವಿ ಅಂತ ಟ್ರಸ್ಟಿನವರು ಹೇಳಿದಾರೆ," ಎಂದು ಯಾರಿಗೋ ಹೇಳುವಂತೆ ಹೇಳಿ, ಮುಂದಿನ ರೂಮಿಗೆ ಹೋದರು.

ಅವಳು ಯಾಕೆ ಹಾಗೆ ಹೇಳಿದಳು ಎಂದು ನಾನು ಇದುವರೆಗೆ ಕೇಳಿಲ್ಲ. ಪಾಪ ಅನಿಸಿತೋ, ನನ್ನ ಅಳು ಒಮ್ಮೆ ನಿಂತರೆ ಸಾಕಾಗಿತ್ತೋ, ಇಲ್ಲ ರಾತ್ರಿ ನೀರು ಚೆಲ್ಲುವ ಆಳು ಸಿಕ್ಕಿತು ಎಂದುಕೊಂಡಳೋ. ಈಗ ಅವಳಿಗೆ ಎರಡು ಮಕ್ಕಳು, ತೋಟ ಅವಳೇ ನೋಡಿಕೊಳ್ಳುತ್ತಾಳೆ, ಹಬ್ಬಕ್ಕೆ ಮೆಸೇಜ್ ಹಾಕುತ್ತಾಳೆ, ಮೂಡಿಗೆರೆಗೆ ಬಂದರೆ ಬ್ಯಾಂಕಿನೊಳಗೆ ಇಣುಕಿ ಕೈಬೀಸಿ ಹೋಗುತ್ತಾಳೆ. ಎಷ್ಟೋ ಸಲ ಕೇಳಬೇಕೆಂದು ಬಾಯಿ ತೆರೆದಿದ್ದೇನೆ. ಉತ್ತರ ಏನೇ ಆದರೂ, ನನ್ನನ್ನು ಮೆಚ್ಚಿ ಕರೆದೆ ಎಂದು ಮಾತ್ರ ಆಗಿರಲಾರದು. ಅದು ಗೊತ್ತಿದ್ದ ಮೇಲೆ ಕೇಳಿ ಮಾಡುವುದೇನು.

ಮೇಡಂ ಹೋದ ಮೇಲೆ ಥ್ಯಾಂಕ್ಸ್ ಹೇಳಬೇಕೆಂದುಕೊಂಡೆ. ಆದರೆ ಮಾತೇ ಆಡುವುದಿಲ್ಲ ಎಂದು ಆಗತಾನೇ ಮಾತು ಕೊಟ್ಟಿದ್ದೆನಲ್ಲ, ಸುಮ್ಮನಿದ್ದೆ. ಅತ್ತು ಅತ್ತು ಮೈ ಸೋತಿತ್ತು. ಮಡಿಸಿದ ಹಾಸಿಗೆಯ ಮೇಲೆ ಮೆಲ್ಲಗೆ ಒರಗಿದೆ. ಪ್ರಣೀತಾ ಅಕ್ಕ ಮತ್ತೆ ಮೊಬೈಲು ಎತ್ತಿಕೊಂಡಿದ್ದಳು. ಗೋಡೆಯ ಕಡೆ ಹೊರಳಿ, ನನ್ನತ್ತ ನೋಡದೆಯೇ ಹೇಳಿದಳು:

"ಕಾಲು ಚಾಚಬೇಡ ಮಾರಾಯ್ತಿ. ಬಕೆಟ್ ಉರುಳ್ತದೆ."

ನಾನು ಮೊಣಕಾಲನ್ನು ಎದೆಗೆ ಎಳೆದುಕೊಂಡೆ. ಮೂಳೆ ನೋಯುವಷ್ಟು ಗಟ್ಟಿಯಾಗಿ ಎಳೆದುಕೊಂಡೆ. ಅಷ್ಟು ಸಂತೋಷವಾಗಿತ್ತು ನನಗೆ. ರಜೆ ಮುಗಿಸಿ ಬಂದ ಮೇಲೂ ಹೆಂಚಿಗೆ ಯಾರೂ ಬರಲಿಲ್ಲ. ಆ ಮಳೆಗಾಲ ಮುಗಿಯುವವರೆಗೆ ನಾನು ಕಾಲು ಚಾಚಲಿಲ್ಲ.